ಟ್ಯಾಂಕ್‌ನಿಂದ ಗ್ಲಾಸ್‌ವರೆಗಿನ ದಾರಿ ಯಾರ ಕೈಯಲ್ಲಿದೆ?

ಪ್ರಶ್ನೆ: ನಾವು ಮೂವರು ಗೆಳೆಯರು. ಇಬ್ಬರು ಐಟಿಯಲ್ಲಿದ್ದೇವೆ, ಒಬ್ಬ ಬರ್ಲಿನ್‌ನಲ್ಲಿ ಬಿಯರ್ ತಯಾರಿಕೆ ಓದಿ ಬಂದಿದ್ದಾನೆ. ಬೆಂಗಳೂರಿನಲ್ಲಿ ಮೈಕ್ರೋಬ್ರೂವರಿ ಶುರು ಮಾಡಿ, ಎರಡು ವರ್ಷದೊಳಗೆ ನಮ್ಮದೇ ಬಾಟಲಿ ಬಿಯರನ್ನು ರಾಜ್ಯದ ತುಂಬ ಮಾರಬೇಕು ಅಂತ ಆಸೆ. ಮನೆಯಲ್ಲಿ ‘ಕಿಂಗ್‌ಫಿಶರ್, ಬಡ್‌ವೈಸರ್ ಮುಂದೆ ನಿಮ್ಮದು ಎಲ್ಲಿ ನಡೆಯುತ್ತೆ’ ಅಂತಿದ್ದಾರೆ. ಅಮೆರಿಕದಲ್ಲಿ ಸಣ್ಣ ಬ್ರೂವರಿಗಳು ದೊಡ್ಡವರನ್ನು ಅಲ್ಲಾಡಿಸಿಲ್ವಾ? ರುಚಿ ಚೆನ್ನಾಗಿದ್ದರೆ ಇಲ್ಲೂ ಆಗಲ್ವಾ? ಮುಂದೆ ದೊಡ್ಡ ಕಂಪನಿಯೇ ಕೊಳ್ಳೋಕೆ ಬಂದರೆ ಏನು ಮಾಡಬೇಕು?
— ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಆಸೆಯಲ್ಲಿ ಎರಡು ಬೇರೆ ಬೇರೆ ವ್ಯಾಪಾರ ಸೇರಿಕೊಂಡಿವೆ. ಮೊದಲು ಅದನ್ನು ಬಿಡಿಸೋಣ. ಕರ್ನಾಟಕದಲ್ಲಿ ಮೈಕ್ರೋಬ್ರೂವರಿ ಲೈಸೆನ್ಸ್ ಕೊಡುವುದು ಅಲ್ಲೇ ತಯಾರಿಸಿ ಅಲ್ಲೇ ಬಡಿಸುವುದಕ್ಕೆ. ಅದೇ ಟ್ಯಾಂಕ್‌ನ ಬಿಯರನ್ನು ಬಾಟಲಿಗೆ ತುಂಬಿ ಪಕ್ಕದ ರಸ್ತೆಯ ವೈನ್ ಶಾಪ್‌ಗೆ ಕೊಡುವ ಹಾಗಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಟ್ಯಾಂಕ್‌ಗಳಲ್ಲಿದ್ದ ಬಿಯರ್ ಹಾಳಾಗಿ ಹೋಗುತ್ತೆ ಅಂತ ಮಾಲೀಕರು ಗೋಳಾಡಿದಾಗ, ಪಾರ್ಸೆಲ್ ಕೊಡಲು ಸರ್ಕಾರ ಸ್ವಲ್ಪ ದಿನದ ಮಟ್ಟಿಗೆ ಒಪ್ಪಿತ್ತು ಅಷ್ಟೆ. ಬಾಟಲಿ ಮಾಡಬೇಕಾದರೆ ಪೂರ್ತಿ ಬ್ರೂವರಿ ಲೈಸೆನ್ಸ್ ಬೇಕು. ಇಲ್ಲಾ, ಅಂಥ ಲೈಸೆನ್ಸ್ ಇರುವ ಬೇರೆಯವರ ಬ್ರೂವರಿಯಲ್ಲಿ ನಿಮ್ಮ ಹೆಸರಿನ ಬಿಯರ್ ಮಾಡಿಸಬೇಕು. ಎರಡು ವರ್ಷದ ಮೇಲೆ ನೀವು ಮಾಡಲು ಹೊರಟಿರುವುದು ಹೊಸ ಜಾಗದಲ್ಲಿ, ಹೊಸ ಸಾಲದಲ್ಲಿ, ಹೊಸ ಗಿರಾಕಿಗೆ ಮಾಡುವ ಇನ್ನೊಂದು ವ್ಯಾಪಾರ.

ಮೈಕ್ರೋಬ್ರೂವರಿಗೆ ನಾನು ‘ಲೆಕ್ಕ ಹಾಕಿ ನೋಡಿ’ ಅಂತೀನಿ. ಬಾಟಲಿಗೆ ‘ಈಗ ಬೇಡ’ ಅಂತೀನಿ. ನಿಮ್ಮ ಗೆಳೆಯ ಎಷ್ಟೇ ಒಳ್ಳೆಯ ಬಿಯರ್ ಮಾಡಲಿ, ಈ ಅಭಿಪ್ರಾಯ ಬದಲಾಗಲ್ಲ. ಯಾಕೆಂದರೆ ದೊಡ್ಡ ಕಂಪನಿಗಳು ನಿಮ್ಮನ್ನು ರುಚಿಯಲ್ಲಿ ಸೋಲಿಸಬೇಕಾದ ಅಗತ್ಯವೇ ಇಲ್ಲ. ಬಿಯರ್ ಟ್ಯಾಂಕ್‌ನಿಂದ ಹೊರಟು ಕುಡಿಯುವವರ ಗ್ಲಾಸ್ ಸೇರುವ ತನಕ ಒಂದು ದಾರಿ ಇದೆ. ಆ ದಾರಿಯ ಉದ್ದಕ್ಕೂ ಅವರು ಕೂತಿದ್ದಾರೆ. ದಾರಿ ಗಿಡ್ಡವಾದಷ್ಟೂ ನಿಮಗೆ ಲಾಭ. ಮೈಕ್ರೋಬ್ರೂವರಿಯಲ್ಲಿ ಆ ದಾರಿ ಒಂದು ಪೈಪ್‌ನಷ್ಟು ಉದ್ದ. ಬಾಟಲಿಯಲ್ಲಿ ಅದು ಬೀದರಿನವರೆಗೂ ಹೋಗುತ್ತೆ.

ಎದುರಿಗೆ ಯಾರಿದ್ದಾರೆ ನೋಡಿ. ಯುನೈಟೆಡ್ ಬ್ರೂವರೀಸ್ 1915ರಿಂದ ಇದೆ. ಕಿಂಗ್‌ಫಿಶರ್ ಅದರದ್ದು. ಮಲ್ಯ ಅವರ ಕಂಪನಿ ಅಂತಲೇ ಇನ್ನೂ ಜನ ಮಾತಾಡ್ತಾರೆ. ಆದರೆ 2021ರಿಂದ ಅದರ ಶೇ 61.5ರಷ್ಟು ಷೇರು ನೆದರ್‌ಲೆಂಡ್ಸ್‌ನ ಹೈನೆಕೆನ್ ಕೈಯಲ್ಲಿದೆ. ಬಡ್‌ವೈಸರ್, ಹೋಗಾರ್ಡನ್, ಕೊರೋನಾ ಎಬಿ ಇನ್‌ಬೆವ್‌ನವು. 2016ರಲ್ಲಿ ಆ ಕಂಪನಿ 10,000 ಕೋಟಿ ಡಾಲರ್‌ಗೂ ಜಾಸ್ತಿ ಕೊಟ್ಟು ಸ್ಯಾಬ್‌ಮಿಲ್ಲರ್ ಅನ್ನು ಕೊಂಡಾಗ, ನಮ್ಮ ಹೇವರ್ಡ್ಸ್ 5000 ಕೂಡ ಅದರ ಜೊತೆಗೇ ಹೋಯಿತು. ಮೂರನೆಯದು ಟ್ಯೂಬೋರ್ಗ್ ಮಾಡುವ ಕಾರ್ಲ್ಸ್‌ಬರ್ಗ್. ದೇಶದಲ್ಲಿ ಮಾರಾಟವಾಗುವ ಬಿಯರ್‌ನಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಈ ಮೂವರದ್ದೇ.

ಈ ಮೂವರೂ ಒಬ್ಬರ ಮೇಲೊಬ್ಬರು ಬಿದ್ದು ಹೋರಾಡ್ತಿದ್ದಾರೆ ಅಂದುಕೊಂಡಿದ್ದರೆ, 2021ರ ಸೆಪ್ಟೆಂಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಕೊಟ್ಟ ಆದೇಶ ಓದಿ. 2009ರಿಂದ 2018ರವರೆಗೆ ಇವರು ಒಳಗೊಳಗೇ ಮಾತಾಡಿಕೊಂಡು ಬೆಲೆ ಹೊಂದಿಸಿದ್ದರು ಅಂತ ಆಯೋಗ ಹೇಳಿತು. ಕರ್ನಾಟಕವೂ ಆ ರಾಜ್ಯಗಳ ಪಟ್ಟಿಯಲ್ಲಿತ್ತು. ಯುನೈಟೆಡ್ ಬ್ರೂವರೀಸ್‌ಗೆ ಸುಮಾರು 752 ಕೋಟಿ ರೂಪಾಯಿ, ಕಾರ್ಲ್ಸ್‌ಬರ್ಗ್ ಇಂಡಿಯಾಗೆ ಸುಮಾರು 121 ಕೋಟಿ ದಂಡ ಬಿತ್ತು. ತಾನಾಗಿ ಹೋಗಿ ಒಪ್ಪಿಕೊಂಡು ಸಾಕ್ಷ್ಯ ಕೊಟ್ಟ ಎಬಿ ಇನ್‌ಬೆವ್‌ಗೆ ಪೂರ್ತಿ ಮಾಫಿ. 2022ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿಯೂ ಈ ಆದೇಶವನ್ನು ಎತ್ತಿಹಿಡಿಯಿತು.

ಪೇಪರ್‌ನವರೆಲ್ಲ ದಂಡದ ಮೊತ್ತ ಬರೆದರು. ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ಆದೇಶದೊಳಗಿನ ಒಂದು ಸಣ್ಣ ವಿಷಯ. ಹಳೆ ಬಾಟಲಿ ಕೊಳ್ಳುವ ವಿಚಾರದಲ್ಲೂ ಯುನೈಟೆಡ್ ಬ್ರೂವರೀಸ್ ಮತ್ತು ಎಬಿ ಇನ್‌ಬೆವ್ ಹೊಂದಾಣಿಕೆ ಮಾಡಿಕೊಂಡಿದ್ದವು ಅಂತ ಆಯೋಗ ಹೇಳಿದೆ. ಹಳೆ ಬಾಟಲಿಯಲ್ಲಿ ಅಂಥದ್ದೇನಿದೆ? ಈ ವ್ಯಾಪಾರದ ಅರ್ಧ ಜೀವ ಅಲ್ಲೇ ಇದೆ ಸ್ವಾಮಿ. ಬಾರ್‌ನಲ್ಲಿ ಖಾಲಿಯಾದ ಬಾಟಲಿ ಗುಜರಿಯವನ ಕೈಗೆ ಹೋಗಿ, ಅಲ್ಲಿಂದ ದೊಡ್ಡ ಗೋಡೌನ್‌ಗೆ ಹೋಗಿ, ತೊಳೆಸಿಕೊಂಡು ಮತ್ತೆ ಬ್ರೂವರಿಗೆ ಬರುತ್ತೆ. ಹೊಸ ಗಾಜಿಗಿಂತ ಅದು ತುಂಬ ಅಗ್ಗ. ಒಂದೇ ಅಳತೆಯ ಬಾಟಲಿ ಲಕ್ಷಗಟ್ಟಲೆ ತಿರುಗಿದರೆ ಮಾತ್ರ ಈ ಲೆಕ್ಕ ಕೂಡಿ ಬರೋದು. ನಿಮ್ಮ ಚೆಂದದ, ಬೇರೆ ಆಕಾರದ ಬಾಟಲಿ ಒಮ್ಮೆ ಹೊರಗೆ ಹೋದರೆ ವಾಪಸ್ ಬರಲ್ಲ. ಗುಜರಿಯವನು ಅದನ್ನು ಒಡೆದು ಗಾಜಿನ ಚೂರಿನ ಬೆಲೆಗೆ ಹಾಕ್ತಾನೆ. ಹಾಗಾದರೆ ಕ್ಯಾನ್ ಮಾಡ್ತೀವಿ ಅಂತೀರಾ? ಪ್ರಿಂಟ್ ಆದ ಕ್ಯಾನ್‌ಗಳ ಆರ್ಡರ್ ಲಕ್ಷಗಳ ಲೆಕ್ಕದಲ್ಲಿ ಶುರುವಾಗುತ್ತೆ. ಮಾರ್ಕೆಟ್‌ನಲ್ಲಿ ಇನ್ನೂ ಒಂದು ಕೇಸ್ ಮಾರದವರು ಅಷ್ಟೊಂದು ಕ್ಯಾನ್ ಎಲ್ಲಿ ಇಡ್ತೀರಿ?

ಇನ್ನು ಡಿಪೋ. ಕರ್ನಾಟಕದಲ್ಲಿ 2003ರಿಂದ ಸಗಟು ಮದ್ಯ ಎಲ್ಲ ಹೋಗೋದು ರಾಜ್ಯ ಸರ್ಕಾರದ ಪಾನೀಯ ನಿಗಮ ಕೆಎಸ್‌ಬಿಸಿಎಲ್‌ನ ಡಿಪೋಗಳ ಮೂಲಕ. ಕಿಂಗ್‌ಫಿಶರ್ ಆದರೂ ಅಷ್ಟೆ, ನಿಮ್ಮದಾದರೂ ಅಷ್ಟೆ. ಕಾಗದದ ಮೇಲೆ ಎಲ್ಲರೂ ಸಮ. ಇದಕ್ಕೊಂದು ಒಳ್ಳೆಯ ಮುಖವೂ ಇದೆ: ಖಾಸಗಿ ಸಗಟು ವ್ಯಾಪಾರಿ ‘ನಿನ್ನ ಮಾಲು ಇಡಲ್ಲ ಹೋಗು’ ಅನ್ನುವ ಹಾಗಿಲ್ಲ. ಆದರೆ ಡಿಪೋದಿಂದ ಮಾಲು ಎತ್ತಬೇಕಾದ ವೈನ್ ಶಾಪ್‌ನವನು, ಬಾರ್‌ನವನು ಮುಂಗಡ ದುಡ್ಡು ಕಟ್ಟಿ ಎತ್ತಬೇಕು. ಅವನ ದುಡ್ಡು, ಅವನ ರಿಸ್ಕ್. ಸಂಜೆಯೊಳಗೆ ಖಾಲಿಯಾಗುವ ಸ್ಟ್ರಾಂಗ್ ಬಿಯರ್ ಬಿಟ್ಟು, ಯಾರೋ ಹೊಸಬರ ಎರಡು ಕೇಸ್ ಗೋಧಿ ಬಿಯರ್‌ಗೆ ಅವನು ಯಾಕೆ ದುಡ್ಡು ಹಾಕ್ತಾನೆ? ದೇಶದಲ್ಲಿ ಕುಡಿಯುವ ಬಿಯರ್‌ನ ಐದು ಪಾಲಿನಲ್ಲಿ ನಾಲ್ಕು ಪಾಲು ಸ್ಟ್ರಾಂಗ್. ಅಂಗಡಿಯ ಫ್ರಿಜ್ ಕೂಡ ಎಷ್ಟೋ ಕಡೆ ದೊಡ್ಡ ಕಂಪನಿ ಕೊಟ್ಟದ್ದೇ. ಅದರೊಳಗೆ ನಿಮ್ಮ ಬಾಟಲಿಗೆ ಕಣ್ಣಿಗೆ ಕಾಣುವ ಜಾಗ ಸಿಗುತ್ತೆ ಅಂತ ಕನಸು ಕಾಣಬೇಡಿ. ಫ್ರಿಜ್‌ನಿಂದ ಹೊರಗಿಟ್ಟರೆ ನಿಮ್ಮ ಬಿಯರ್ ಬೇಗ ಕೆಡುತ್ತೆ, ಅವರದ್ದು ಪಾಶ್ಚರೀಕರಿಸಿದ್ದು (ಬಿಸಿ ಮಾಡಿ ಸೂಕ್ಷ್ಮಜೀವಿಗಳನ್ನು ಕೊಂದದ್ದು), ಆರು ತಿಂಗಳು ಕೂತಿರುತ್ತೆ.

ಜಾಹೀರಾತು ಕೊಟ್ಟು ಜನ ತಾವಾಗಿ ಕೇಳುವ ಹಾಗೆ ಮಾಡೋಣ ಅಂದರೆ ಅದಕ್ಕೂ ಬಾಗಿಲು ಮುಚ್ಚಿದೆ. ಮದ್ಯದ ಜಾಹೀರಾತು ಟಿವಿಯಲ್ಲಿ ಕಾನೂನುಬಾಹಿರ. ದೊಡ್ಡವರು ನೀರಿನ ಬಾಟಲಿ, ಸೋಡಾ, ಕ್ಯಾಲೆಂಡರ್, ಕ್ರಿಕೆಟ್ ಅಂತ ಸುತ್ತು ಬಳಸಿ ಹೆಸರು ಉಳಿಸಿಕೊಂಡರು. ಒಂದು ಕಾಲಕ್ಕೆ ವಿಮಾನವನ್ನೇ ಹಾರಿಸಿದ್ದರು. ನಮ್ಮ ಆರ್‌ಸಿಬಿ ಹೆಸರು ಕೂಡ ವಿಸ್ಕಿಯ ಹೆಸರಿನಿಂದ ಬಂದದ್ದು ಅಲ್ವಾ? ಜಾಹೀರಾತು ನಿಷೇಧ ಕುಡಿತ ತಗ್ಗಿಸೋಕೆ ಬಂದದ್ದು, ಅದರ ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹೆಸರು ಮಾಡಿಕೊಂಡವರಿಗೆ ಅದು ಕೋಟೆಗೋಡೆಯಾಗಿದೆ. ಹೊಸಬರು ಹೊರಗೇ ನಿಂತಿರಬೇಕು.

‘ಬಿರಾ ಮಾಡಲಿಲ್ವಾ?’ ಅಂತ ನೀವು ಕೇಳಬಹುದು. ಮಾಡಿತು, ಮತ್ತು ಅದರಿಂದ ಕಲಿಯಬೇಕಾದ್ದೂ ಇದೆ. ಅಂಕುರ್ ಜೈನ್ 2012ರಲ್ಲಿ ಕಟ್ಟಿದ ಕಂಪನಿ ಅದು. 2015ರಲ್ಲಿ ಬಿರಾ 91 ಮಾರ್ಕೆಟ್‌ಗೆ ಬಂತು. ಜಪಾನಿನ ಕಿರಿನ್ ದುಡ್ಡು ಹಾಕಿತು. ಮುಂದೆ ಷೇರುಪೇಟೆಗೆ ಹೋಗುವ ತಯಾರಿಯಲ್ಲಿ ಕಂಪನಿಯ ಹೆಸರಿನಿಂದ ‘ಪ್ರೈವೇಟ್’ ಅನ್ನುವ ಒಂದು ಪದ ತೆಗೆದರು. ಅಷ್ಟಕ್ಕೇ ರಾಜ್ಯ ರಾಜ್ಯಗಳಲ್ಲೂ ಲೇಬಲ್ ಹೊಸದಾಗಿ ನೋಂದಾಯಿಸಬೇಕಾಯಿತು. ತಿಂಗಳುಗಟ್ಟಲೆ ಮಾರಾಟ ನಿಂತಿತು, ಹಳೆ ಲೇಬಲ್‌ನ ಸುಮಾರು 80 ಕೋಟಿ ರೂಪಾಯಿ ಮಾಲು ಕೈಬಿಡಬೇಕಾಯಿತು. 2023–24ರಲ್ಲಿ ಕಂಪನಿಯ ವಹಿವಾಟು 638 ಕೋಟಿ, ನಷ್ಟ 748 ಕೋಟಿ. ಮಾರಿದ್ದಕ್ಕಿಂತ ಕಳೆದದ್ದು ಜಾಸ್ತಿ! ಪೂರ್ತಿ ಹೊಣೆ ಆ ಲೇಬಲ್ ಮೇಲೇ ಹಾಕಬಾರದು. ಮೊದಲಿಂದಲೂ ಅವರು ದುಡ್ಡು ಸುಟ್ಟು ಬೆಳೆಯುವ ದಾರಿ ಹಿಡಿದಿದ್ದರು, ಹಾಗಾಗಿ ಒಂದು ಏಟು ಬಿದ್ದಾಗ ತಡೆದುಕೊಳ್ಳಲು ಏನೂ ಉಳಿದಿರಲಿಲ್ಲ. ನೂರಾರು ಕೋಟಿ ಹೂಡಿಕೆ ತಂದವರ ಗತಿಯೇ ಹೀಗಾದರೆ ಮೂವರು ಗೆಳೆಯರ ಉಳಿತಾಯದ ದುಡ್ಡು ಎಷ್ಟು ದಿನ ಬಾಳುತ್ತೆ?

ಮದ್ಯ ರಾಜ್ಯಗಳ ವಿಷಯ ಆದ್ದರಿಂದ ಪ್ರತಿ ರಾಜ್ಯವೂ ಒಂದು ಬೇರೆ ದೇಶ ಇದ್ದ ಹಾಗೆ ವರ್ತಿಸುತ್ತೆ. ಲೇಬಲ್ ಬೇರೆ, ಶುಲ್ಕ ಬೇರೆ, ತೆರಿಗೆ ಬೇರೆ. ತೆರಿಗೆ ಯಾವಾಗ ಏರುತ್ತೆ ಅಂತ ಹೇಳೋಕಾಗಲ್ಲ. ಇಲ್ಲೇ 2023ರ ಜುಲೈ ಬಜೆಟ್‌ನಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇ 175ರಿಂದ 185ಕ್ಕೆ ಹೋಯಿತು, ಆಮೇಲೂ ಏರಿತು. ಪಕ್ಕದ ತೆಲಂಗಾಣದಲ್ಲಿ 2025ರ ಜನವರಿಯಲ್ಲಿ ಯುನೈಟೆಡ್ ಬ್ರೂವರೀಸೇ ಸರಬರಾಜು ನಿಲ್ಲಿಸಿತು. 2019–20ರಿಂದ ಅಲ್ಲಿನ ನಿಗಮ ಬೆಲೆ ಏರಿಸಿಲ್ಲ, ಹಳೆ ಬಾಕಿಯನ್ನೂ ಕೊಟ್ಟಿಲ್ಲ ಅನ್ನುವುದು ಅವರ ದೂರು. ಎರಡು ವಾರದೊಳಗೆ ಸರಬರಾಜು ಮತ್ತೆ ಶುರುವಾಯಿತು, ಫೆಬ್ರುವರಿಯಲ್ಲಿ ಸರ್ಕಾರ ಶೇ 15 ಏರಿಕೆಗೂ ಒಪ್ಪಿತು. ಕಿಂಗ್‌ಫಿಶರ್ ಸಿಗಲ್ಲ ಅಂದರೆ ಸರ್ಕಾರಕ್ಕೆ ಬಿಸಿ ತಟ್ಟುತ್ತೆ. ನಿಮ್ಮ ಬಿಯರ್ ಸಿಗಲ್ಲ ಅಂದರೆ ಯಾರಿಗೂ ಗೊತ್ತೂ ಆಗಲ್ಲ.

ಸರಿ, ಅಮೆರಿಕಕ್ಕೆ ಬರೋಣ. ಅಲ್ಲಿ ಸಣ್ಣವರು ಗೆದ್ದರು ಅನ್ನೋದು ಅರ್ಧ ನಿಜ. 1970ರ ದಶಕದ ಕೊನೆಗೆ ಇಡೀ ದೇಶದಲ್ಲಿ ನೂರು ಬ್ರೂವರಿಯೂ ಇರಲಿಲ್ಲ. ಈಗ 9,000ಕ್ಕಿಂತ ಜಾಸ್ತಿ ಇವೆ. ಕೇಳೋಕೆ ಭರ್ಜರಿಯಾಗಿದೆ. ಆದರೆ ಇವುಗಳಲ್ಲಿ ಸಣ್ಣವೆಲ್ಲ ಸೇರಿ ಮಾರುವ ಬಿಯರ್ ಒಟ್ಟು ಪ್ರಮಾಣದ ನೂರಕ್ಕೆ 13ರ ಆಸುಪಾಸಿನಲ್ಲೇ ನಿಂತಿದೆ. ಬೆಲೆ ಜಾಸ್ತಿ ಇರುವುದರಿಂದ ದುಡ್ಡಿನ ಲೆಕ್ಕದಲ್ಲಿ ಕಾಲು ಭಾಗದ ಹತ್ತಿರ ಬರುತ್ತೆ. 2024ರಲ್ಲಿ ಹೊಸದಾಗಿ ತೆರೆದದ್ದಕ್ಕಿಂತ ಮುಚ್ಚಿದ್ದೇ ಜಾಸ್ತಿ.

ಅಷ್ಟಾದರೂ ಹೇಗೆ ಆಯಿತು ಅಂದರೆ, ಕಾನೂನು ಸಹಾಯ ಮಾಡಿತು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಮನೆಯಲ್ಲಿ ಬಿಯರ್ ಮಾಡುವುದು ಅಪರಾಧ ಅಲ್ಲ ಅಂತಾಯಿತು. ಗ್ಯಾರೇಜಿನಲ್ಲಿ ಕೈ ಪಳಗಿಸಿಕೊಂಡವರು ಮುಂದೆ ಬ್ರೂವರಿ ತೆರೆದರು. ಅನೇಕ ರಾಜ್ಯಗಳಲ್ಲಿ ಸಣ್ಣವರು ತಮ್ಮ ಬಿಯರನ್ನು ತಾವೇ ವ್ಯಾನ್‌ನಲ್ಲಿ ಹಾಕಿಕೊಂಡು ಹೋಗಿ ಬಾರ್‌ಗಳಿಗೆ ಕೊಡಬಹುದು. 2017ರ ತೆರಿಗೆ ಕಾನೂನಿನಲ್ಲಿ ಸಣ್ಣ ಬ್ರೂವರಿಗಳ ಮೊದಲ 60,000 ಬ್ಯಾರೆಲ್‌ಗೆ ಕೇಂದ್ರ ಸುಂಕ ಬ್ಯಾರೆಲ್‌ಗೆ 7 ಡಾಲರ್‌ನಿಂದ ಮೂರೂವರೆಗೆ ಇಳಿಯಿತು. ಬ್ರಿಟನ್ ಇನ್ನೂ ಮುಂಚೆ, 2002ರಲ್ಲೇ, ವರ್ಷಕ್ಕೆ 5 ಲಕ್ಷ ಲೀಟರ್‌ವರೆಗೆ ಮಾಡುವವರಿಗೆ ಸುಂಕ ಅರ್ಧ ಮಾಡಿತ್ತು. ಅಲ್ಲಿ ಹಳ್ಳಿ ಹಳ್ಳಿಯಲ್ಲಿ ಬ್ರೂವರಿ ಎದ್ದದ್ದು ಅದರಿಂದ. ನಮ್ಮಲ್ಲಿ ಬಾಟಲಿ ಮಾಡುವ ಸಣ್ಣ ಬ್ರೂವರಿಗೆ ಅಂಥ ರಿಯಾಯಿತಿ ಇಲ್ಲ. ನಮ್ಮ ಕ್ರಾಫ್ಟ್ ಬಿಯರ್ (ಸಣ್ಣ ಬ್ರೂವರಿಗಳ ಬಿಯರ್) ಮಂದಿ ಅಬಕಾರಿ ಮಂತ್ರಿಯನ್ನು ಕಂಡಾಗಲೆಲ್ಲ ರಾತ್ರಿ ಎಷ್ಟು ಗಂಟೆಯವರೆಗೆ ತೆರೆದಿರಬಹುದು ಅಂತ ಕೇಳುವುದನ್ನು ಬಿಟ್ಟು ಇದನ್ನು ಕೇಳಬೇಕು.

ದೊಡ್ಡವರು ಅಲ್ಲಿ ಸುಮ್ನೆ ಕೂರಲಿಲ್ಲ. ಅವರು ಹಿಡಿದದ್ದೂ ಇದೇ ದಾರಿಯನ್ನೇ. 2015ರಲ್ಲಿ ಎಬಿ ಇನ್‌ಬೆವ್ ತನ್ನ ವಿತರಕರಿಗೆ ಒಂದು ಆಮಿಷ ಇಟ್ಟಿತು. ನೀವು ಮಾರುವುದರಲ್ಲಿ ಶೇ 98 ನಮ್ಮ ಬಿಯರೇ ಆಗಿದ್ದರೆ, ಪ್ರಚಾರಕ್ಕೆ ನೀವು ಹಾಕಬೇಕಾದ ಖರ್ಚಿನಲ್ಲಿ ಮುಕ್ಕಾಲು ಪಾಲು ನಾವು ಕೊಡ್ತೀವಿ ಅಂತ. ಸಣ್ಣವರ ಬಿಯರನ್ನು ಇಡಬೇಡಿ ಅಂತ ಒಂದು ಮಾತೂ ಹೇಳದೆ ಅವರನ್ನು ವ್ಯಾನ್‌ನಿಂದ ಇಳಿಸುವ ಉಪಾಯ ಇದು. ಮುಂದಿನ ವರ್ಷ ಸ್ಯಾಬ್‌ಮಿಲ್ಲರ್ ಖರೀದಿಗೆ ಒಪ್ಪಿಗೆ ಕೊಡುವಾಗ ಅಮೆರಿಕದ ನ್ಯಾಯ ಇಲಾಖೆ ಇಂಥ ಆಮಿಷಕ್ಕೆ ಕಡಿವಾಣ ಹಾಕಿತು. 2017ರಲ್ಲಿ ಇನ್ನೊಂದು ನಡೆಯಿತು. ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂವೇ ಹಾಪ್ಸ್. ದಕ್ಷಿಣ ಆಫ್ರಿಕಾದ ಹಾಪ್ಸ್ ತೋಟಗಳು ಸ್ಯಾಬ್‌ಮಿಲ್ಲರ್ ಜೊತೆ ಎಬಿ ಇನ್‌ಬೆವ್ ಕೈಗೆ ಬಂದಿದ್ದವು. ಆ ವರ್ಷ ಅಲ್ಲಿನ ಹಾಪ್ಸ್ ಅಮೆರಿಕದ ಸಣ್ಣ ಬ್ರೂವರಿಗಳಿಗೆ ಸಿಗಲ್ಲ ಅಂತಾಯಿತು. ಬೆಳೆ ಕಡಿಮೆ ಆಗಿದೆ, ನಮಗೇ ಬೇಕು ಅಂತ ಕಂಪನಿ ಹೇಳಿತು. ಕಾರಣ ನಿಜವೇ ಇರಲಿ. ನಿಮ್ಮ ರೆಸಿಪಿಯ ಮುಖ್ಯ ಸಾಮಾನು ಎದುರಾಳಿಯ ಉಗ್ರಾಣದಲ್ಲಿದ್ದರೆ ಏನಾಗುತ್ತೆ ಅಂತ ಅರ್ಥವಾಯಿತಲ್ಲ? ನೀವೂ ಒಳ್ಳೆಯ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ), ಹಾಪ್ಸ್ ಎಲ್ಲ ಆಮದು ಮಾಡಿಕೊಳ್ಳುವವರೇ. ಡಾಲರ್, ಯೂರೋ ಏರಿದಾಗ ಅವರಿಗೆ ತಟ್ಟುವುದಕ್ಕಿಂತ ನಿಮಗೆ ಜೋರಾಗಿ ತಟ್ಟುತ್ತೆ.

ಈಗ ಬೆಂಗಳೂರು. ದೇಶದಲ್ಲಿ ಮೈಕ್ರೋಬ್ರೂವರಿ ಮೊದಲು ಬಂದದ್ದು ಗುರುಗ್ರಾಮ, ಪುಣೆ ಕಡೆ. ಪುಣೆಯ ದೂಲಾಲಿ 2009ರದ್ದು. ಇಲ್ಲಿ 2010ರ ಸುಮಾರಿಗೆ ನಿಯಮ ಬಂದ ಮೇಲೆ ದ ಬಿಯರ್ ಕ್ಲಬ್, ಇಂದಿರಾನಗರದ ಟಾಯ್ಟ್, ಆಮೇಲೆ ಆರ್ಬರ್, ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್, ಹೀಗೆ ಸಾಲು ಹಿಡಿದವು. ಕಿಂಗ್‌ಫಿಶರ್‌ನ ತವರಲ್ಲೇ, ಅದರ ಕೇಂದ್ರ ಕಚೇರಿಯ ಊರಲ್ಲೇ ಇವು ಬೆಳೆದವು. ಹೇಗೆ? ಮೇಲೆ ಹೇಳಿದ ಯಾವುದೂ ಇವರಿಗೆ ಬೇಕಿರಲಿಲ್ಲ. ಹಳೆ ಬಾಟಲಿ ಬೇಡ, ಡಿಪೋ ಬೇಡ, ಫ್ರಿಜ್‌ನಲ್ಲಿ ಜಾಗ ಬೇಡ, ಟಿವಿ ಬೇಡ. ಗಿರಾಕಿ ತಾನೇ ನಡೆದು ಒಳಗೆ ಬರ್ತಾನೆ, ಗಾಜಿನ ಹಿಂದೆ ಟ್ಯಾಂಕ್ ಕಾಣುತ್ತೆ, ಬಿಲ್ಲಿನ ದುಡ್ಡು ಅದೇ ರಾತ್ರಿ ಕೈಗೆ ಬರುತ್ತೆ. ಮೂವರ ಕೈ ದಾಟಿ ಬರುವ ಬಾಟಲಿಯಲ್ಲಿ ನಿಮಗೆ ಉಳಿಯುವ ಪಾಲಿಗೂ ನೇರ ಮೇಜಿಗೆ ಹೋಗುವ ಮಗ್‌ನಲ್ಲಿ ಉಳಿಯುವ ಪಾಲಿಗೂ ಹೋಲಿಕೆಯೇ ಇಲ್ಲ.

ರುಚಿಯ ವಿಷಯವನ್ನು ಇಲ್ಲಿ ಹೇಳಬೇಕು. ದೊಡ್ಡ ಕಂಪನಿಯವರಿಗೆ ಒಳ್ಳೆಯ ಬಿಯರ್ ಮಾಡೋಕೆ ಬರಲ್ಲ ಅನ್ನೋದು ಭ್ರಮೆ. ಅವರ ಬ್ರೂವರ್‌ಗಳೂ ನಿಮ್ಮ ಗೆಳೆಯ ಓದಿದಂಥ ಕಡೆಯೇ ಓದಿದವರು. ಗೋಧಿ ಬಿಯರ್ ಓಡುತ್ತೆ ಅಂತ ಗೊತ್ತಾದ ಕೂಡಲೇ 2019ರಲ್ಲಿ ಕಿಂಗ್‌ಫಿಶರ್ ಅಲ್ಟ್ರಾ ಹೆಸರಲ್ಲೇ ವಿಟ್‌ಬಿಯರ್ ಬಂತು. ಅವರಿಗೆ ಆಗದಿರುವುದು ತಾಜಾತನ ಒಂದೇ. ಶೋಧಿಸದ, ಪಾಶ್ಚರೀಕರಿಸದ ಬಿಯರ್ ಟ್ಯಾಂಕ್‌ನಿಂದ ಬಂದ ಮೊದಲ ಕೆಲವು ವಾರ ಇರುವ ಹಾಗೆ ಆಮೇಲೆ ಇರಲ್ಲ. ದರ್ಶಿನಿಯಲ್ಲಿ ಹಬೆಯಾಡುವ ಇಡ್ಲಿಗೂ ಪ್ಯಾಕೆಟ್ ಇಡ್ಲಿಗೂ ಇರುವ ದೂರ ಅದು. ಆ ತಾಜಾತನವನ್ನು ಬಾಟಲಿಗೆ ತುಂಬಿ ಕಲಬುರಗಿಯ ಬಿಸಿಲಿಗೆ ಕಳಿಸಿದರೆ ನಿಮ್ಮ ಒಂದೇ ಆಯುಧವನ್ನು ನೀವೇ ಎಸೆದ ಹಾಗೆ.

ಮೈಕ್ರೋಬ್ರೂವರಿಯ ಲೆಕ್ಕ ಹಾಕುವಾಗ ನಿಮ್ಮ ಗೆಳೆಯನ ಜೊತೆ ಮೊದಲು ಮಾತಾಡಬೇಕಾದ್ದು ಟ್ಯಾಂಕ್ ದಿನಗಳ ಬಗ್ಗೆ. 1,000 ಲೀಟರ್‌ನ ಒಂದು ಟ್ಯಾಂಕ್ ಇದೆ ಅಂದುಕೊಳ್ಳಿ. ಗೋಧಿ ಬಿಯರ್ ಎರಡು ವಾರದಲ್ಲಿ ಸಿದ್ಧ, ತಿಂಗಳಿಗೆ ಎರಡು ಸಲ ಆ ಟ್ಯಾಂಕ್ ತುಂಬಬಹುದು. ಲಾಗರ್ ನಾಲ್ಕರಿಂದ ಆರು ವಾರ ತಣ್ಣಗೆ ಮಲಗಬೇಕು. ಜರ್ಮನಿಯಲ್ಲಿ ಕಲಿತವರಿಗೆ ಲಾಗರ್ ಮೇಲೆ ಪ್ರೀತಿ ಸಹಜ. ಆದರೆ ನಿಮ್ಮ ಜಾಗದ ಬಾಡಿಗೆಯೂ ಆ ಟ್ಯಾಂಕ್ ಜೊತೆ ಮಲಗಿರುತ್ತೆ. ಬೆಂಗಳೂರಿನ ಮೆನುಗಳಲ್ಲಿ ಹೆಫವೈಜನ್, ವಿಟ್ ತರಹದ ಗೋಧಿ ಬಿಯರ್‌ಗಳೇ ಮೇಲೆ ಇರೋದಕ್ಕೆ ಜನರ ಬಾಯಿರುಚಿ ಒಂದು ಕಾರಣ, ಈ ಲೆಕ್ಕ ಇನ್ನೊಂದು. ಇಂಡಿಯಾ ಪೇಲ್ ಏಲ್, ಸ್ಟೌಟ್ ಇರಲಿ, ಬೇಡ ಅನ್ನಲ್ಲ. ಅವು ಹೆಸರು ತರುತ್ತವೆ. ಬಾಡಿಗೆ ಕಟ್ಟೋದು ಗೋಧಿ ಬಿಯರ್ ಮತ್ತು ಅಡುಗೆಮನೆ.

ಲೈಸೆನ್ಸ್ ವಿಷಯ ಚುಟುಕಾಗಿ. ಬಿಯರ್ ಒಂದನ್ನೇ ಮಾರಿ ಬದುಕೋದು ಕಷ್ಟ. ಗುಂಪಿನಲ್ಲಿ ಬಂದ ಐವರಲ್ಲಿ ಇಬ್ಬರಿಗೆ ವಿಸ್ಕಿ ಬೇಕಿರುತ್ತೆ. ಅದಕ್ಕೆ ಸಿಎಲ್-9 (ಬಾರ್ ಮತ್ತು ರೆಸ್ಟೋರೆಂಟ್) ಅಥವಾ ಸಿಎಲ್-7 (ಹೋಟೆಲ್ ಮತ್ತು ವಸತಿಗೃಹ) ತರಹದ ಲೈಸೆನ್ಸ್ ಬೇಕು. 1992ರಿಂದ ದಶಕಗಳ ಕಾಲ ಹೊಸ ಸಿಎಲ್-9 ಕೊಡುವುದನ್ನು ಸರ್ಕಾರ ನಿಲ್ಲಿಸಿದ್ದರಿಂದ ಇರುವ ಲೈಸೆನ್ಸ್‌ಗಳೇ ಕೋಟಿಗಳ ಮಾತಾಗಿವೆ. ಟ್ಯಾಂಕ್, ಚಿಲ್ಲರ್‌ಗಿಂತ ಕಾಗದಕ್ಕೇ ಜಾಸ್ತಿ ಹೋದರೆ ಆಶ್ಚರ್ಯಪಡಬೇಡಿ. ಇನ್ನೊಂದು, ಕುಡಿಯುವ ಮದ್ಯ ಜಿಎಸ್‌ಟಿಯಿಂದ ಹೊರಗಿದೆ. ಹಾಗಾಗಿ ಯಂತ್ರದ ಮೇಲೆ, ಬಾಡಿಗೆಯ ಮೇಲೆ ನೀವು ಕಟ್ಟುವ ಜಿಎಸ್‌ಟಿಯನ್ನು ಬಿಯರ್ ಮೇಲಿನ ತೆರಿಗೆಯಲ್ಲಿ ಮುರಿದುಕೊಳ್ಳುವ ಹಾಗಿಲ್ಲ. ಅದು ಪೂರ್ತಿ ಖರ್ಚು. ನಿಮ್ಮ ಎಕ್ಸೆಲ್ ಶೀಟ್‌ನಲ್ಲಿ ಈ ಸಾಲು ಇಲ್ಲದಿದ್ದರೆ ಈಗಲೇ ಸೇರಿಸಿ. ನೀರಿನದೂ ಒಂದು ಸಾಲು ಇರಲಿ. ಒಂದು ಲೀಟರ್ ಬಿಯರ್‌ಗೆ ತೊಳೆಯೋದು ಎಲ್ಲ ಸೇರಿ ನಾಲ್ಕರಿಂದ ಆರು ಲೀಟರ್ ನೀರು ಸುಲಭವಾಗಿ ಹೋಗುತ್ತೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಟ್ಯಾಂಕರ್ ಬೆಲೆ ಎಲ್ಲಿಗೆ ಹೋಗಿತ್ತು ಅಂತ ಯಾರನ್ನಾದರೂ ಕೇಳಿ.

ಈ ಗಿಡ್ಡ ದಾರಿಯಲ್ಲೂ ದೊಡ್ಡವರು ಬರಲ್ಲ ಅಂತಿಲ್ಲ. ಎಬಿ ಇನ್‌ಬೆವ್ 2021ರಲ್ಲಿ ತಾಜ್ ಹೋಟೆಲ್‌ನವರ ಜೊತೆ ಸೇರಿ ಎಂ.ಜಿ. ರಸ್ತೆಯ ತಾಜ್‌ನಲ್ಲಿ ಸೆವೆನ್ ರಿವರ್ಸ್ ಅನ್ನುವ ಮೈಕ್ರೋಬ್ರೂವರಿ ತೆರೆಯಿತು. ಆದರೂ ಈ ಆಟದಲ್ಲಿ ಅವರೂ ನಿಮ್ಮ ಹಾಗೆಯೇ ಒಂದು ಕಟ್ಟಡಕ್ಕೆ ಕಟ್ಟುಬಿದ್ದಿರ್ತಾರೆ. ಅಲ್ಲಿ ಮಾರಿದ್ದಷ್ಟೇ ಮಾರಾಟ. ನಿಮಗೆ ನಿಜವಾದ ಪೈಪೋಟಿ ಪಕ್ಕದ ರಸ್ತೆಯ ಇನ್ನೊಬ್ಬ ಸಣ್ಣವನಿಂದ, ಮತ್ತು ಮೂರು ವರ್ಷಕ್ಕೊಮ್ಮೆ ಬಾಡಿಗೆ ಏರಿಸಲು ಬರುವ ಕಟ್ಟಡದ ಮಾಲೀಕರಿಂದ. ಟ್ಯಾಂಕ್‌ಗಳನ್ನು ಕಿತ್ತು ಬೇರೆಡೆ ಒಯ್ಯೋದು ಸುಲಭದ ಮಾತಲ್ಲ ಅಂತ ಅವರಿಗೂ ಗೊತ್ತು. ಹಾಗಾಗಿ ಒಪ್ಪಂದ ಉದ್ದದ್ದಿರಲಿ, ಏರಿಕೆ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ.

ಬಾಟಲಿಯ ಆಸೆ ಹೋಗಲ್ಲ ಅಂದರೆ, ಆರ್ಬರ್ ಹಿಡಿದ ದಾರಿ ನೋಡಿ. ಬೆಂಗಳೂರಿನಲ್ಲಿ ಮನೆಮಾತಾದ ಮೇಲೆ ಅವರು ಕ್ಯಾನ್ ಬಿಯರ್‌ಗೆ ಅಂತ ಗೋವಾದಲ್ಲಿ ಬೇರೆ ಘಟಕ ಮಾಡಿದರು. ಗೋವಾದಲ್ಲಿ ಸುಂಕ ಕಡಿಮೆ, ಹೊಸ ಬಿಯರ್ ಕುಡಿದು ನೋಡುವ ಪ್ರವಾಸಿಗಳೂ ಜಾಸ್ತಿ. ಮೊದಲು ಒಂದು ಕಡೆ ಹೆಸರು, ಆಮೇಲೆ ಸಣ್ಣ ಮಾರ್ಕೆಟ್‌ನಲ್ಲಿ ಕ್ಯಾನ್, ಆಮೇಲೆ ಬೇರೆ ಊರು. ‘ರಾಜ್ಯದ ತುಂಬ’ ಅನ್ನೋದು ಈ ಪಟ್ಟಿಯ ಕೊನೆಯಲ್ಲಿ ಬರಬೇಕಾದ್ದು.

ದೊಡ್ಡ ಕಂಪನಿ ಕೊಳ್ಳೋಕೆ ಬಂದರೆ? ಬಂದಾಗ ನೋಡೋಣ ಅನ್ನಬೇಡಿ, ಮೂವರೂ ಇವತ್ತೇ ಕೂತು ಮಾತಾಡಿ. ಷಿಕಾಗೋದ ಗೂಸ್ ಐಲ್ಯಾಂಡ್ 2011ರಲ್ಲಿ 3.88 ಕೋಟಿ ಡಾಲರ್‌ಗೆ ಎಬಿ ಇನ್‌ಬೆವ್‌ಗೆ ಹೋಯಿತು. ಅದರ ಹೆಸರಾಂತ ಗೋಧಿ ಬಿಯರ್ ನ್ಯೂಯಾರ್ಕ್ ರಾಜ್ಯದ ದೊಡ್ಡ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಮಾರಿದವರಿಗೆ ದುಡ್ಡು ಬಂತು, ಬಿಯರ್ ದೇಶದ ತುಂಬ ಸಿಕ್ಕಿತು. ಇದನ್ನು ದುರಂತ ಅಂತ ನಾನು ಕರೆಯಲ್ಲ. ಮುಂದೆ ಅದೇ ಕಂಪನಿ ಹತ್ತಿರ ಹತ್ತಿರ ಒಂದು ಡಜನ್ ಬ್ರೂವರಿ ಕೊಂಡಿತು. 2015ರ ಆರಂಭದಲ್ಲಿ ಒಂದು ತಮಾಷೆಯೂ ಆಯಿತು. ಕುಂಬಳ, ಪೀಚ್ ಹಾಕಿದ ಬಿಯರನ್ನು ಮೂಸಿ ನೋಡುವವರನ್ನು ಬಡ್‌ವೈಸರ್ ತನ್ನ ದುಬಾರಿ ಜಾಹೀರಾತಿನಲ್ಲಿ ಆಡಿಕೊಂಡಿತು. ಅದಕ್ಕೆ ಸ್ವಲ್ಪ ದಿನ ಮುಂಚೆ ತಾನೇ ಕೊಳ್ಳಲು ಒಪ್ಪಿದ್ದ ಎಲೀಶಿಯನ್ ಬ್ರೂವರಿ ಅಂಥದ್ದೇ ಬಿಯರ್ ಮಾಡಿತ್ತು! 2023ರ ಹೊತ್ತಿಗೆ ಇಂಥವೂ ಸೇರಿ ಎಂಟು ಬ್ರ್ಯಾಂಡ್‌ಗಳನ್ನು ಎಬಿ ಇನ್‌ಬೆವ್ ಟಿಲ್‌ರೇ ಅನ್ನುವ ಬೇರೊಂದು ಕಂಪನಿಗೆ ಮಾರಿ ಕೈತೊಳೆದುಕೊಂಡಿತು. ಸ್ಯಾನ್ ಡಿಯಾಗೋದ ಬ್ಯಾಲಸ್ಟ್ ಪಾಯಿಂಟ್ ಅನ್ನು 2015ರಲ್ಲಿ ಕಾನ್‌ಸ್ಟೆಲೇಷನ್ ಕಂಪನಿ 100 ಕೋಟಿ ಡಾಲರ್‌ಗೆ ಕೊಂಡಿತು, ನಾಲ್ಕು ವರ್ಷದ ಮೇಲೆ ಯಾರೂ ಹೆಸರು ಕೇಳಿರದ ಇಲಿನಾಯ್‌ನ ಸಣ್ಣ ಬ್ರೂವರಿಯೊಂದಕ್ಕೆ ಮಾರಿತು. ಸ್ಯಾನ್‌ಫ್ರಾನ್ಸಿಸ್ಕೋದ ಆಂಕರ್ ಕಥೆ ಇದಕ್ಕಿಂತ ಬೇಸರದ್ದು. ಮುಳುಗುತ್ತಿದ್ದ ಆ ಬ್ರೂವರಿಯನ್ನು 1965ರಲ್ಲಿ ಫ್ರಿಟ್ಜ್ ಮೇಟ್ಯಾಗ್ ಕೊಂಡು ಎಬ್ಬಿಸಿದ್ದರಿಂದಲೇ ಈ ಇಡೀ ಸಣ್ಣ ಬ್ರೂವರಿಗಳ ಕಾಲ ಶುರುವಾದದ್ದು. 2017ರಲ್ಲಿ ಅದು ಜಪಾನಿನ ಸಪ್ಪೋರೋ ಪಾಲಾಯಿತು. 2023ರ ಜುಲೈನಲ್ಲಿ ಬಾಗಿಲು ಹಾಕುವುದಾಗಿ ಹೇಳಿದರು.

ಕೊಂಡವರು ಬಿಯರ್ ಕೆಡಿಸ್ತಾರೆ ಅಂತಲೇ ಜನ ಹೆದರೋದು. ನಾನು ನೋಡಿದ ಮಟ್ಟಿಗೆ ಅವರು ಬಿಯರ್ ಕೆಡಿಸೋದು ಅಪರೂಪ. ಮುಂದಿನ ಮೂರು ತಿಂಗಳ ಲೆಕ್ಕದಲ್ಲಿ ಆ ಬ್ರ್ಯಾಂಡ್ ಸಣ್ಣದಾಗಿ ಕಂಡರೆ ಆಸಕ್ತಿ ಕಳೆದುಕೊಳ್ತಾರೆ, ಅಷ್ಟೆ. ಹಾಗಾಗಿ ಪಾಲುದಾರಿಕೆ ಪತ್ರದಲ್ಲಿ ಮೂರು ವಿಷಯ ಬರೆಸಿ. ಒಬ್ಬರು ಮಾರಲು ಹೊರಟರೆ ಮೊದಲು ಉಳಿದಿಬ್ಬರಿಗೆ ಕೇಳಬೇಕು. ಬ್ರ್ಯಾಂಡ್‌ನ ಹೆಸರು ಮತ್ತು ಜಾಗದ ಲೈಸೆನ್ಸ್ ಬೇರೆ ಬೇರೆ ಕಂಪನಿಗಳ ಹೆಸರಲ್ಲಿ ಇರಬಹುದಾ ಅಂತ ನಿಮ್ಮ ವಕೀಲರನ್ನು ಕೇಳಿ ನಿರ್ಧರಿಸಿ, ಆಗ ಒಂದನ್ನು ಮಾರಿದರೂ ಇನ್ನೊಂದು ಉಳಿಯುತ್ತೆ. ಕೊಂಡವರು ಇಂತಿಷ್ಟು ವರ್ಷದೊಳಗೆ ಬ್ರ್ಯಾಂಡ್ ನಿಲ್ಲಿಸಿದರೆ ಹೆಸರು ವಾಪಸ್ ಕೊಳ್ಳುವ ಹಕ್ಕು ನಿಮಗಿರಬೇಕು. ಮುಂದೆ ಮಾರಾಟದ ಒಪ್ಪಂದ ಬರೆಯುವಾಗ ಮೂರನೆಯದಕ್ಕೆ ಕೊಳ್ಳುವವರ ವಕೀಲರು ಗ್ಯಾರಂಟಿ ತಕರಾರು ತೆಗೀತಾರೆ. ಬೆಲೆ ಸ್ವಲ್ಪ ಬಿಟ್ಟುಕೊಟ್ಟಾದರೂ ಅದನ್ನು ಉಳಿಸಿಕೊಳ್ಳಿ.